ಪಾಳಿ ತಪ್ಪಿದವರು

ಪುಣೆಯಲ್ಲಿ ಕನ್ನಡ ಎಲ್ಲಿ ಕೇಳಸ್ತದೆ ಅಂತ ಧಾರವಾಡದ ಬಂಧುಗಳು ಆಗಾಗ ಕೇಳುತ್ತಾರೆ. ಸಂಘದ ರಾಜ್ಯೋತ್ಸವ, ಉಡುಪಿ ಹೋಟೆಲಿನ ಗಲ್ಲಾ, ಗದುಗಿನ ಭೀಮಸೇನ ಜೋಶಿಯವರು ಬಾಳಿದ ಊರೆಂಬ ಹೆಮ್ಮೆ, ಇವನ್ನೆಲ್ಲ ನಾನೂ ಹೇಳುತ್ತೇನೆ. ಆದರೆ ನಿಜವಾಗಿ ಇಲ್ಲಿ ದಿನಬೆಳಗೂ ಗಟ್ಟಿ ದನಿಯಲ್ಲಿ ಕನ್ನಡ ಕೇಳುವ ಜಾಗ ಬೇರೆ. ಹಿಂಜವಡಿ, ವಾಕಡ, ಖರಾಡಿ ಕಡೆ ಹೊಸ ಕಟ್ಟಡಗಳ ಬೆನ್ನಿಗೆ ಸಾಲಾಗಿ ನಿಂತ ಪತ್ರಾ ಶೆಡ್ಡುಗಳಲ್ಲಿ, ಬೆಳಿಗ್ಗೆ ಎಂಟಕ್ಕೆ ಬುತ್ತಿ ಹಿಡಿದು ಕೂಲಿ ಕಾಯುವ ನಾಕಾಗಳಲ್ಲಿ ಅದು ಕೇಳುತ್ತದೆ. ಯಾದಗಿರಿ, ಸುರಪುರ, ಜೇವರ್ಗಿ, ಸಿಂದಗಿ, ಇಂಡಿ ಕಡೆಯ ಜನ. ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಗಂಟುಮೂಟೆಯೊಂದಿಗೆ ಬಂದಿಳಿದವರು. ಇವರು ಸಂಘದ ಸದಸ್ಯರಲ್ಲ, ಇವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಇಲ್ಲ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. 1994ರಲ್ಲಿ ಮದುವೆಯಾಗಿ ಈ ಊರಿಗೆ ಬಂದು, ಮರಾಠಿಯನ್ನು ತರಕಾರಿ ಮಾರುವವಳಿಂದ ಕಲಿತ ಗೃಹಿಣಿ. ನಮ್ಮ ಕಟ್ಟಡದಲ್ಲೇ ಇರುವ ಮರಾಠಿ ಡಾಕ್ಟರಬಾಯಿ ನಗರಪಾಲಿಕೆಯ ದವಾಖಾನೆಯಲ್ಲಿ ಬಸುರಿಯರ ತಪಾಸಣೆ ಮಾಡುತ್ತಾರೆ. ಅವರು ಒಂದು ದಿನ ಲಿಫ್ಟಿನಲ್ಲಿ ಸಿಕ್ಕು, "ನಿಮ್ಮ ಊರಿನ ಹೆಣ್ಣುಮಕ್ಕಳು ಬರ್ತಾರ್ರೀ, ನಾನು ಕೇಳೋದು ಅವರಿಗೆ ತಿಳಿಯೂದಿಲ್ಲ, ಅವರು ಹೇಳೋದು ನನಗ ತಿಳಿಯೂದಿಲ್ಲ. ವಾರಕ್ಕೊಂದು ದಿನ ಬಂದು ಕೂಡತೀರೇನು?" ಎಂಬರ್ಥದ ಮಾತಾಡಿದರು. ಮಕ್ಕಳು ದೊಡ್ಡವರಾಗಿ ಮನೆ ಖಾಲಿಯಾಗಿತ್ತು. ಹೋದೆ. ಕೆಲವು ವರ್ಷವೇ ಆಯಿತು, ಇನ್ನೂ ಹೋಗುತ್ತಿದ್ದೇನೆ.

ಮೊದಲ ವಾರವೇ ಒಂದು ತಮಾಷೆ ನಡೆಯಿತು. ಮರಾಠಿಯಲ್ಲಿ 'ಪಾಳಿ' ಅಂದರೆ ಸರತಿ, ಮುಟ್ಟಿಗೂ ಅದೇ ಮಾತು. ಸಿಸ್ಟರು ಕೇಸ್ ಪೇಪರ್ ಮೇಲೆ ಪೆನ್ನಿಟ್ಟು, "ಪಾಳಿ ಕಧೀ ಚುಕಲೀ?" ಎಂದು ಕೇಳಿದರು. ಮುಟ್ಟು ಯಾವಾಗ ನಿಂತಿತು ಅಂತ. ನಮ್ಮ ಸುರಪುರದ ಹೆಣ್ಣುಮಗಳಿಗೆ ಗೊತ್ತಿದ್ದುದು ನಮ್ಮ ಪಾಳಿ ಮಾತ್ರ. ಆಕೆ ಗಾಬರಿಯಾಗಿ, "ಪಾಳಿ ತಪ್ಪಿಸಿಲ್ರೀ ಬಾಯಾರ, ಮುಂಜಾನಿಂದ ಇಲ್ಲೇ ನಿಂತೀನಿ, ಬೇಕಂದ್ರ ಇವರನ್ನ ಕೇಳ್ರಿ" ಎಂದು ಹಿಂದಿನವಳ ಸೆರಗು ಹಿಡಿದು ಸಾಕ್ಷಿ ತಂದಳು. ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಸಿಸ್ಟರ ಎರಡನೆಯ ಪ್ರಶ್ನೆ ಬಂತು: "ಇತಕ್ಯಾ ಉಶಿರಾ ಕಾ ಆಲೀಸ?" ಇಷ್ಟು ತಡವಾಗಿ ಯಾಕೆ ಬಂದೆ? ಆಕೆಗಾಗಲೇ ಆರನೆಯ ತಿಂಗಳು.

ಅಂದಿನಿಂದ ಇಂದಿನವರೆಗೆ ನಾನು ಅತಿ ಹೆಚ್ಚು ಸಲ ಅನುವಾದಿಸಿದ ವಾಕ್ಯ ಇದೇ. "ಯಾಕವ್ವಾ ಇಷ್ಟು ತಡಾ ಮಾಡಿದಿ?" ಉತ್ತರವೂ ಹೆಚ್ಚುಕಡಿಮೆ ಒಂದೇ. ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, "ಹಂಗ ರೀ."

ಆ 'ಹಂಗ' ಎಂಬುದರ ಒಳಗೆ ಏನೇನಿದೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಬಾಗಿಲಾಚೆಯ ಬಾಕಿನ ಮೇಲೆ ಅವರೊಂದಿಗೆ ಕೂತು, ಊರು, ಮಳೆ, ತೊಗರಿ ರೇಟು ಮಾತಾಡಿದ ಮೇಲೆ ಒಂದೊಂದಾಗಿ ಹೊರಬಿತ್ತು.

ಮೊದಲನೆಯದಾಗಿ, ಹಲವರಿಗೆ ತಿಂಗಳಾಗಿದ್ದೇ ತಡವಾಗಿ ಗೊತ್ತಾಗಿರುತ್ತದೆ. ಕಂಕುಳಲ್ಲಿ ಒಂದು ವರ್ಷದ ಕೂಸು, ಅದಿನ್ನೂ ಮೊಲೆ ಬಿಟ್ಟಿಲ್ಲ. ಹಾಲೂಡಿಸುವವಳಿಗೆ ಮುಟ್ಟು ಎಷ್ಟೋ ತಿಂಗಳು ಬರುವುದೇ ಇಲ್ಲ. ಬರದಿದ್ದುದೇ ವಾಡಿಕೆಯಾದವಳಿಗೆ ತಪ್ಪಿತೆಂದು ತಿಳಿಯುವುದು ಹೇಗೆ? "ಹೊಟ್ಯಾಗ ಹೊಳ್ಳಾಡಿದ ಮ್ಯಾಲ ಗೊತ್ತಾತ್ರಿ" ಎನ್ನುತ್ತಾರೆ. ಹೊಟ್ಟೆಯಲ್ಲಿ ಹೊರಳಾಡುವುದೆಂದರೆ ನಾಲ್ಕು ದಾಟಿ ಐದರ ಹತ್ತಿರ.

ಗೊತ್ತಿದ್ದವರ ಲೆಕ್ಕವೂ ತಾರೀಖಿನದಲ್ಲ. "ಶೀಗಿ ಹುಣ್ಣಿವಿ ಮುಂದ ನೀರು ಹಾಕ್ಕೊಂಡಿದ್ದೆ, ಅದರ ಮ್ಯಾಲ ಇಲ್ಲ" ಎಂದರೆ ನಾನು ಗೋಡೆಯ ಕಾಲನಿರ್ಣಯ ನೋಡಿ, "ಸಿಸ್ಟರ್, ನಿಮ್ಮ ಕೋಜಾಗಿರಿ ಇದೆಯಲ್ಲ, ಅದಕ್ಕೆ ಮೂರು ದಿನ ಮೊದಲು" ಎನ್ನುತ್ತೇನೆ. ಕಾರಹುಣ್ಣಿಮೆ ಎಂದರೆ ಅವರ ವಟಪೌರ್ಣಿಮೆ. ಎಳ್ಳಮಾಸಿ ಎಂದರೆ ಲಾತೂರ ಕಡೆಯ ಸಿಸ್ಟರಿಗೆ ಕೂಡಲೇ ತಿಳಿಯುತ್ತದೆ, ಅವರಲ್ಲೂ ಆ ಹಬ್ಬ ಉಂಟು. ಹೀಗೆ ಹುಣ್ಣಿಮೆ ಅಮಾವಾಸ್ಯೆಗಳನ್ನು ತಾರೀಖು ಮಾಡಿ ಬರೆದ ಮೇಲೆ ಡಾಕ್ಟರಬಾಯಿ ಹೆರಿಗೆಯ ದಿನ ಲೆಕ್ಕ ಹಾಕುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎಂಬ ಮಾತು ಸುಳ್ಳು. ಅವರ ಲೆಕ್ಕದ ಪುಸ್ತಕ ಬೇರೆ.

ಎರಡನೆಯದು, ಹೇಳಬಾರದೆಂಬ ಪದ್ಧತಿ. ಮೂರು ತಿಂಗಳು ತುಂಬುವತನಕ ಬಾಯಿ ಬಿಡಬಾರದು, ದೃಷ್ಟಿಯಾದೀತು, ನಿಲ್ಲದೆ ಹೋದೀತು. ಇದನ್ನು ಕೂಲಿಯವರ ಮೂಢನಂಬಿಕೆ ಎಂದು ನಗುವ ಹಾಗಿಲ್ಲ. 1995ರಲ್ಲಿ ನನ್ನ ಚೊಚ್ಚಲಿನಲ್ಲಿ ನಾವಿಬ್ಬರೇ ಚಿಂಚವಡದ ಎರಡು ಕೋಣೆಯಲ್ಲಿದ್ದೆವು. ಧಾರವಾಡದ ಮನೆಯಲ್ಲಿ ಫೋನಿರಲಿಲ್ಲ, ಎದುರು ಮನೆಗೆ ಎಸ್‌ಟಿಡಿ ಮಾಡಬೇಕು. ಬೂತಿನ ಗಾಜಿನಾಚೆ ನಾಲ್ಕು ಗಂಡಸರು ಕಾಯುತ್ತಿದ್ದರು, ಕೆಂಪು ಅಂಕಿ ಏರುತ್ತಿತ್ತು, ಆ ಕಡೆ ಫೋನಿಗೆ ಬಂದವರು ಅಪ್ಪ. "ಎಲ್ಲಾ ಆರಾಮದೀವಿ" ಎಂದು ಇಟ್ಟುಬಿಟ್ಟೆ. ಆಮೇಲೆ ಇನ್‌ಲ್ಯಾಂಡ್ ಲೆಟರ್ ಬರೆದೆ. ಅವ್ವನ ಉತ್ತರದಲ್ಲಿ ಇದ್ದುದೂ ಅದೇ: ಮೂರು ತುಂಬಲಿ, ಆಮೇಲೆ ದವಾಖಾನೆಗೆ ಹೋಗು, ಅಲ್ಲಿತನಕ ಭಾರ ಎತ್ತಬ್ಯಾಡ. ನಾನು ಬಿ.ಎ. ಓದಿದವಳು, ಗಂಡನಿಗೆ ಪಗಾರವಿತ್ತು, ದವಾಖಾನೆ ಹತ್ತು ನಿಮಿಷದ ಹಾದಿ. ಇಂದು ನಮ್ಮ ಹಿಂಜವಡಿಯ ಐಟಿ ಹುಡುಗಿಯರು ಮೂರು ತಿಂಗಳು ಸುದ್ದಿ ಬಚ್ಚಿಡುತ್ತಾರೆ. ದೃಷ್ಟಿಗೆ ಹೆದರಿ ಅಲ್ಲ, ಮ್ಯಾನೇಜರನ ಅಪ್ರೈಸಲ್‌ಗೆ ಹೆದರಿ. ಆದರೆ ಅವರು ಆಫೀಸಿಗೆ ಹೇಳದೆಯೂ ಡಾಕ್ಟರ ಬಳಿ ಹೋಗಬಲ್ಲರು. ಪತ್ರಾ ಶೆಡ್ಡಿನವಳಿಗೆ ಎರಡೂ ಒಂದೇ. ದವಾಖಾನೆಗೆ ಹೋದಳೆಂದರೆ ಸಾಲು ಶೆಡ್ಡಿಗೆಲ್ಲ ಸುದ್ದಿ.

ಸುದ್ದಿಯಾದರೆ ಏನು ನಷ್ಟ? ಇಲ್ಲಿ ಮೂರನೆಯ ಕಾರಣ, ಎಲ್ಲಕ್ಕಿಂತ ಭಾರವಾದದ್ದು. ಗಂಡಹೆಂಡತಿ ಇಬ್ಬರೂ ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡು ಬಂದಿರುತ್ತಾರೆ. ಊರಲ್ಲಿ ತಂಗಿಯ ಮದುವೆಗೋ, ಬೋರ್ ಕೊರೆಸಿದ ಸಾಲಕ್ಕೋ ಆ ಹಣ ಹೋಗಿಬಿಟ್ಟಿದೆ. ಇಬ್ಬರೂ ದುಡಿದರೆ ತೀರುವ ಲೆಕ್ಕ ಅದು. ಬಸುರಿ ಎಂದು ತಿಳಿದರೆ ಮುಕಾದಮ, "ನಾಳಿಂದ ಬರಬ್ಯಾಡ, ಬಿದ್ದು ಗಿದ್ದರ ನನ್ನ ತಲಿಗೆ ಬರ್ತದ" ಎನ್ನುತ್ತಾನೆ. ಅವನೂ ಕೆಟ್ಟವನೆಂದಲ್ಲ, ಅವನಿಗೂ ಮೇಲೊಬ್ಬ ಇದ್ದಾನೆ. ಆದ್ದರಿಂದ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು, ಹೊಟ್ಟೆ ಕಾಣದಂತೆ ಮರಳಿನ ಬುಟ್ಟಿ ಹೊರುತ್ತಾರೆ. ಸಿಮೆಂಟು ಕೆಲಸದ ಹೆಂಗಸರು ಹೇಗೂ ಅಂಗಿ ತೊಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ದವಾಖಾನೆ ಪುಕ್ಕಟೆ, ನಿಜ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ ಎಂದು ಯೋಜನೆಯೇ ಇದೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರಿಗೆ ವಿಶೇಷ ತಪಾಸಣೆಯ ದಿನ. ಆದರೆ ಪುಕ್ಕಟೆ ಎಂಬುದಕ್ಕೆ ಕೂಲಿಯವರ ಲೆಕ್ಕವೇ ಬೇರೆ. ಇವತ್ತು ಕೇಸ್ ಪೇಪರ್, ನಾಳೆ ಬೆಳಿಗ್ಗೆ ರಕ್ತ, ನಾಡಿದ್ದು ರಿಪೋರ್ಟು, ಸೋನೋಗ್ರಫಿಗೆ ಇನ್ನೊಂದು ದಿನ, ಅದೂ ಬೇರೆ ದವಾಖಾನೆ. ನಾಲ್ಕು ದಿನದ ಹಜೇರಿ ಹೋಯಿತು. ದಾರಿ ಗೊತ್ತಿಲ್ಲ ಎಂದು ಗಂಡ ಜೊತೆಗೆ ಬಂದರೆ ಎಂಟು. ಬಟವಡೆಯ ದಿನ ಕೈಗೆ ಏನು ಬರಬೇಕು? ಹೊಟ್ಟೆ ನೋಯುತ್ತಿಲ್ಲ, ಜ್ವರವಿಲ್ಲ, ರಕ್ತ ಹೋಗುತ್ತಿಲ್ಲ. ಏನೂ ಆಗದಿದ್ದಾಗ ದವಾಖಾನೆಗೆ ಹೋಗಬೇಕೆಂಬ ಮಾತೇ ಅವರಿಗೆ ವಿಚಿತ್ರ. "ಬ್ಯಾನಿ ಇಲ್ಲದ ದವಾಖಾನಿ ಯಾಕ್ರಿ?" ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು.

ಅದಕ್ಕೆ ಡಾಕ್ಟರಬಾಯಿಯಿಂದ ನಾನು ಕಲಿತ ಉತ್ತರವನ್ನು ಇಲ್ಲಿ ಬರೆಯುತ್ತೇನೆ, ಓದುವ ನಿಮಗೂ ಉಪಯೋಗವಾದೀತು. ಕೂಸಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ತಿಂಗಳಲ್ಲೇ. ಫೋಲಿಕ್ ಆಸಿಡ್ ಗುಳಿಗೆ ಕೆಲಸ ಮಾಡುವುದು ಆಗ, ಆರನೆಯ ತಿಂಗಳಲ್ಲಿ ನುಂಗಿದರೆ ಆ ಕೆಲಸಕ್ಕೆ ಬರುವುದಿಲ್ಲ. ರಕ್ತ ಕಡಿಮೆ ಇದ್ದರೆ ಅದನ್ನು ಏರಿಸಲು ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ಬೇಕು, ಹೆರಿಗೆಯ ಹಿಂದಿನ ವಾರ ಸಾಲುವುದಿಲ್ಲ. ಬಿ.ಪಿ. ಮೊದಲು ಎಷ್ಟಿತ್ತು ಎಂದು ಬರೆದಿಟ್ಟರೆ ಮಾತ್ರ ಆಮೇಲೆ ಏರಿದ್ದು ಗೊತ್ತಾಗುತ್ತದೆ. ಅದಕ್ಕೇ ನಮ್ಮ ಸರ್ಕಾರ ಮೊದಲ 12 ವಾರದೊಳಗೆ ಹೆಸರು ಬರೆಸಿ, ಕನಿಷ್ಠ ನಾಲ್ಕು ಸಲ ತೋರಿಸಿಕೊಳ್ಳಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಸಲ ಎನ್ನುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಮೂರು ತಿಂಗಳಲ್ಲಿ ತೋರಿಸಿಕೊಂಡ ತಾಯಂದಿರು ನೂರಕ್ಕೆ 70. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 59 ಇತ್ತು, ಅಂದರೆ ಸುಧಾರಿಸಿದೆ. ಆದರೂ ಹತ್ತರಲ್ಲಿ ಮೂವರು ಹೊರಗುಳಿದರು. ಅದೇ ಸಮೀಕ್ಷೆಯಲ್ಲಿ ಬಸುರಿಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಅಂದರೆ ನೂರಕ್ಕೆ 52 ಜನರಿಗೆ, ರಕ್ತಹೀನತೆ ಇತ್ತು.

ಇನ್ನು ನಾಲ್ಕನೆಯದು, ಹೊರನಾಡಿಗೆ ಬಂದವರದೇ ವಿಶೇಷ ಕಷ್ಟ. ಊರಲ್ಲಿದ್ದರೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾಳೆ. ಅವಳು ಓಣಿಯವಳೇ, ಯಾರ ಸೊಸೆ ಬಾವಿಕಟ್ಟೆಗೆ ಬಂದಿಲ್ಲ, ಯಾರಿಗೆ ವಾಂತಿ ಎಂಬುದು ಅವಳಿಗೆ ಹೇಳದೆ ತಿಳಿಯುತ್ತದೆ. ತಾಯಿ ಕಾರ್ಡ್ ಅವಳೇ ಮಾಡಿಸುತ್ತಾಳೆ. ಇಲ್ಲಿ ಆ ಕಣ್ಣು ಇಲ್ಲ. ಇಲ್ಲೂ ಆಶಾ ಇದ್ದಾಳೆ, ಆದರೆ ಅವಳ ಪಟ್ಟಿಯಲ್ಲಿ ಇರುವುದು ವಸ್ತಿಯ ಮನೆಗಳು. ಬೇಲಿಯೊಳಗಿನ ಸೈಟು ಇಂದು ವಾಕಡದಲ್ಲಿದ್ದು ಆರು ತಿಂಗಳಿಗೆ ಚಾಕಣಕ್ಕೆ ಹೋಗಿಬಿಡುತ್ತದೆ. ಆಧಾರಿನಲ್ಲಿ ಊರಿನ ವಿಳಾಸ, ಬ್ಯಾಂಕ್ ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿ. 2017ರಿಂದ ಚೊಚ್ಚಲಿಗೆ ಸಿಗುವ ಮಾತೃವಂದನೆಯ 5,000 ರೂಪಾಯಿ ದೇಶದಲ್ಲಿ ಎಲ್ಲಿದ್ದರೂ ಸಿಗಬೇಕಾದ್ದೇ. ಆದರೆ ಕಾಗದ ಒಂದೆಡೆ, ಬಸುರಿ ಒಂದೆಡೆ.

ಜೊತೆಗೆ ಇನ್ನೊಂದು ಮಾತು ಸದಾ ಇರುತ್ತದೆ: "ಏಳರಾಗ ಊರಿಗಿ ಹೋಗ್ತೀನಲ್ರಿ, ಅಲ್ಲೇ ತೋರಸ್ತೀನಿ." ಚೊಚ್ಚಲು ತವರಿನಲ್ಲೇ ಆಗಬೇಕು, ಕುಬಸ ಮಾಡಿ ಕರೆದೊಯ್ಯಬೇಕು. ಈ ಪದ್ಧತಿಯಲ್ಲಿ ಎಷ್ಟು ಪ್ರೀತಿ ಇದೆಯೆಂದು ಬಾಣಂತನ ಮಾಡಿಸಿಕೊಂಡ ನಮಗೆಲ್ಲ ಗೊತ್ತು. ಆದರೆ ಹೊರಡುವ ತನಕ ಇಲ್ಲಿ ತೋರಿಸುವುದಿಲ್ಲ, ಹೋದ ಮೇಲೆ ಅಲ್ಲಿಯವರು "ಮೊದಲಿನ ಕಾಗದ ಎಲ್ಲಿ?" ಎನ್ನುತ್ತಾರೆ. ಊರಿನ ಪಾಳಿ ಇನ್ನೂ ಬಂದಿಲ್ಲ, ಪುಣೆಯ ಪಾಳಿ ತಪ್ಪಿಹೋಯಿತು. ಎರಡು ರಾಜ್ಯದ ನಡುವೆ ಏಳು ತಿಂಗಳು ಯಾರ ಪುಸ್ತಕದಲ್ಲೂ ಇಲ್ಲದ ಬಸುರಿ.

ಬಂದವರೂ ಮತ್ತೆ ಬರುವುದಿಲ್ಲ, ಅದಕ್ಕೂ ಕಾರಣವಿದೆ. ಸಾಲು ಮೆಟ್ಟಿಲಿನವರೆಗೆ ಬೆಳೆದಿರುವಾಗ ಸಿಸ್ಟರ ದನಿ ಏರುತ್ತದೆ. ಅವರಿಗೂ ಮನೆ ಇದೆ, ಮಂಡಿನೋವು ಇದೆ. ಬೈಸಿಕೊಂಡವಳು ಮಾತ್ರ, "ಅವರ ಬಾಯಾಗ ಬೀಳೂದಕ್ಕಿಂತ ಬುಟ್ಟಿ ಹೊರೂದ ಹಗರ" ಎನ್ನುತ್ತಾಳೆ. ಕಬ್ಬಿಣದ ಗುಳಿಗೆಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಇದು ಸಹಜ ಎಂದು ಕನ್ನಡದಲ್ಲಿ ಯಾರೂ ಹೇಳದಿದ್ದರೆ, ಗುಳಿಗೆಯಿಂದ ಕೂಸು ಕಪ್ಪಾಗುತ್ತದೆ, ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನೆರೆಯವಳ ಮಾತೇ ಗೆಲ್ಲುತ್ತದೆ.

ಕೊನೆಯ ಕಾರಣವನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಹೆಸರು, ಊರು ಬಿಟ್ಟು ಬರೆಯುತ್ತೇನೆ. ಅತ್ತೆಯೊಂದಿಗೆ ಒಂದು ಹುಡುಗಿ ಬಂದಿದ್ದಳು. ನಾಲ್ಕನೆಯ ತಿಂಗಳಿರಬೇಕು. ವಯಸ್ಸು ಹತ್ತೊಂಬತ್ತು ಎಂದು ಅತ್ತೆ ಹೇಳಿದಳು. ಸಿಸ್ಟರು ಆಧಾರ್ ಕೇಳಿದರು. "ಶೆಡ್ಡಿನಾಗ ಅದ, ತರ್ತೀವಿ" ಎಂದು ಎದ್ದುಹೋದವರು ಬರಲಿಲ್ಲ. ಹುಡುಗಿಗೆ ಹದಿನೇಳೂ ತುಂಬಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

2012ರ ಪೋಕ್ಸೋ ಕಾಯ್ದೆಯ ಪ್ರಕಾರ, 18 ತುಂಬದ ಹುಡುಗಿ ಬಸುರಿ ಎಂದು ಗೊತ್ತಾದರೆ ದವಾಖಾನೆಯವರು ಪೊಲೀಸರಿಗೆ ತಿಳಿಸಲೇಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗಿದ್ದರೂ ಸರಿಯೆ, ಹೆಂಡತಿಗೆ 18 ಆಗಿಲ್ಲದಿದ್ದರೆ ಅದು ಅತ್ಯಾಚಾರವೇ ಎಂದು ಹೇಳಿತು. ಈ ಕಾಯ್ದೆ ಇಂಥ ಹುಡುಗಿಯರ ರಕ್ಷಣೆಗೇ ಬಂದದ್ದು. ಸಣ್ಣ ವಯಸ್ಸಿಗೆ ಮದುವೆ ಮಾಡುವವರ ಪರ ನನ್ನದೊಂದು ಮಾತೂ ಇಲ್ಲ. ಆದರೆ ಶೆಡ್ಡಿನ ಜನರಿಗೆ ಕಾಯ್ದೆಯ ಹೆಸರು ಗೊತ್ತಿಲ್ಲ. ದವಾಖಾನೆಗೆ ಹೋದರೆ ಪೊಲೀಸರು ಬರುತ್ತಾರೆ ಎಂಬುದಷ್ಟೇ ಗೊತ್ತು. ಹೀಗಾಗಿ ಯಾರಿಗೆ ಎಲ್ಲರಿಗಿಂತ ಮೊದಲು ಡಾಕ್ಟರು ಬೇಕೋ ಅವಳೇ ಎಲ್ಲರಿಗಿಂತ ಕೊನೆಗೆ ಬರುತ್ತಾಳೆ.

ಆ ಹುಡುಗಿ ಬಂದದ್ದು ಏಳನೆಯ ತಿಂಗಳಲ್ಲಿ. ಮುಖ, ಕಾಲು ಬಾತಿದ್ದವು, ತಲೆನೋವು, ಕಣ್ಣು ಮಂಜು. ಬಿ.ಪಿ. ನೋಡಿದ ಡಾಕ್ಟರಬಾಯಿ ಕುರ್ಚಿಯಿಂದ ಎದ್ದೇಬಿಟ್ಟರು. 108ರ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು, ಭಾಷೆಗೆಂದು ನಾನೂ ಹತ್ತಿದೆ. ಗಾಡಿಯಲ್ಲಿ ಅವಳು ನನ್ನ ಕೈ ಹಿಡಿದು, "ಅಕ್ಕಾರ, ಮೊದಲ ಬಂದಿದ್ರ ಇವರನ್ನ ಹಿಡಕೊಂಡು ಹೋಗ್ತಿದ್ರು. ಈಗ ಬಂದೀನಿ, ಈಗೂ ಹಿಡಕೊಂಡು ಹೋಗ್ತಾರ. ಏನು ಫರಕ್ ಆತ್ರಿ?" ಎಂದಳು. ಇದನ್ನು ನಾನು ಯಾರಿಗೂ ಅನುವಾದಿಸಿ ಹೇಳಲಿಲ್ಲ. ಹುಡುಗಿ ಉಳಿದಳು. ಕೂಸು ಒಂದು ಕಿಲೋ ಚಿಲ್ಲರೆ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಇತ್ತು. ನಾಲ್ಕರಲ್ಲಿ ಬಂದಾಗ ಹಿಡಿದು ನಿಲ್ಲಿಸಿದ್ದರೆ, ಬಿ.ಪಿ. ಏರಿದಾಗಲೇ ಮದ್ದು ಕೊಟ್ಟಿದ್ದರೆ ಕೂಸಿಗೆ ಇನ್ನಷ್ಟು ವಾರ ಸಿಗುತ್ತಿದ್ದವೋ ಏನೋ ಎಂದು ಡಾಕ್ಟರಬಾಯಿ ಮೆಲ್ಲಗೆ ಹೇಳಿದರು. ಅದು ಅವಳ ಪ್ರಶ್ನೆಗೆ ಉತ್ತರವಾಗಿತ್ತು. ಅದನ್ನೂ ನಾನು ಕನ್ನಡಕ್ಕೆ ತರಲಿಲ್ಲ.

ಇದಾದ ಮೇಲೆ ಡಾಕ್ಟರಬಾಯಿ ಸುಮ್ಮನೆ ಕೂಡಲಿಲ್ಲ. ಬಟವಡೆಯ ಮರುದಿನ ಸಂಜೆ, ಕೆಲಸ ಬಿಟ್ಟ ಮೇಲೆ, ಸೈಟಿಗೇ ಹೋಗುವುದು ಶುರುವಾಯಿತು. ಬಿ.ಪಿ. ಯಂತ್ರ, ತೂಕದ ಕಾಟಾ, ರಕ್ತ ನೋಡುವ ಸಾಮಾನು, ಗುಳಿಗೆಯ ಡಬ್ಬಿ ಇಷ್ಟೇ. ಜೇವರ್ಗಿ ಕಡೆಯ ಮುಕಾದಮನ ಹೆಂಡತಿ ತನ್ನ ಶೆಡ್ಡನ್ನೇ ಬಿಟ್ಟುಕೊಟ್ಟಳು. ನಾಲ್ಕು ಹೆತ್ತವಳು, ಬಾಯಿ ಜೋರು, ಅಂತಃಕರಣದವಳು. "ಯಾರಿಗರೆ ತಿಂಗಳು ನಿಂತಿದ್ರ ನನ್ನ ಕಿವ್ಯಾಗ ಹೇಳ್ರಿ, ಗಂಡಸರ ಕಿವಿಗಿ ಹೋಗಂಗಿಲ್ಲ" ಎಂದು ಹೆಂಗಸರಿಗೆ ಮಾತು ಕೊಟ್ಟಳು. ಹಜೇರಿ ಹೋಗುವುದಿಲ್ಲ, ಸಾಲಿಲ್ಲ, ಮಾತು ಕನ್ನಡ. ಎಲ್ಲರೂ ಬಂದರೆಂದು ಹೇಳಲಾರೆ, ಆದರೆ ಎರಡನೆಯ, ಮೂರನೆಯ ತಿಂಗಳಲ್ಲೇ ಬಂದು ಕೂಡುವವರು ಕಾಣತೊಡಗಿದರು. ಸಿಸ್ಟರು ಈಗ ನನ್ನಿಂದ ಒಂದು ಕನ್ನಡ ವಾಕ್ಯ ಕಲಿತಿದ್ದಾರೆ. ಎಷ್ಟನೆಯ ತಿಂಗಳಲ್ಲಿ ಬಂದರೂ ಮೊದಲು "ಬಂದಿ? ಛಲೋ ಮಾಡಿದಿ, ಕೂಡು" ಎನ್ನುತ್ತಾರೆ. ಪ್ರಶ್ನೆ ಆಮೇಲೆ. ಆ ಒಂದು ಮಾತಿಗೆ ಎರಡನೆಯ ಸಲ ಬಂದವರಿದ್ದಾರೆ.

ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ನನ್ನದೊಂದು ವಿನಂತಿ. ಸುಗ್ಗಿ ಮುಗಿದ ಮೇಲೆ ನಿಮ್ಮ ಓಣಿಯಿಂದಲೂ ಜನ ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ ದುಡಿಯಲು ಹೊರಡುತ್ತಾರೆ. ಆ ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವಾಗ ಹೆಣ್ಣುಮಗಳ ಆಧಾರ್, ಪಾಸ್‌ಬುಕ್, ಇದ್ದರೆ ತಾಯಿ ಕಾರ್ಡ್ ಕೂಡ ಇಟ್ಟುಕೊಡಿ. ಅತ್ತೆಯರಾಗಿದ್ದರೆ ಟ್ರಂಕಿನ ಕೀಲಿ ತೆಗೆಯಿರಿ. ಈಗ ಎಸ್‌ಟಿಡಿ ಬೂತಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ. ಮಳೆ ಬಂತೇನು, ಪಗಾರ ಆಯ್ತೇನು ಎಂದು ಕೇಳುವ ಜೊತೆಗೆ, ಗಂಡಸರು ಆಚೆ ಹೋದಾಗ, "ತಿಂಗಳು ಸರಿ ಆಗ್ಯದೇನವ್ವಾ?" ಎಂದೂ ಒಂದು ಮಾತು ಕೇಳಿ. ಆಗಿಲ್ಲ ಎಂದರೆ ಊರಿಗೆ ಬರುವ ತನಕ ಕಾಯಬೇಡ, ಅಲ್ಲೇ ತೋರಿಸು ಎಂದು ಹೇಳಿ. ನಮ್ಮ ಮಾತು ಒಂದು ಕಿವಿಯಿಂದ ಹೋಗಬಹುದು. ತವರಿನವರ ಮಾತು ಹೋಗುವುದಿಲ್ಲ.